ಐವತ್ತನೆಯ ಪತ್ರ

6 ಜುಲೈ 1997, ಭಾನುವಾರ. ಪಾಂಡವಪುರ

ಮಂಗಳ ಗ್ರಹದ ಮೇಲೆ ನೌಕೆ ಇಳಿದಿದೆ. ಅದರೊಳಗಿನ ಗಾಡಿ ಇನ್ನೇನು ಕೆಳಗಿಳಿಯಬೇಕು. ತೂಕ ಹತ್ತೂವರೆ ಕಿಲೊ, ಚಕ್ರ ಆರು, ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ಏಳು ದಿನ ಕೆಲಸ ಮಾಡಿದರೆ ಸಾಕೆಂದು ಕಟ್ಟಿದ್ದಂತೆ. ಸುದ್ದಿ ಕತ್ತರಿಸಿ ಎದುರಿನ ಪುಟಕ್ಕೆ ಅಂಟಿಸಿದ್ದೇನೆ. ನಾಲ್ಕು ಮೂಲೆಗಳಿಗೆ ಮಾತ್ರ ಗಂಜಿ ಹಚ್ಚುವುದು ನನ್ನ ಪದ್ಧತಿ. ಹಾಳೆ ಸುಕ್ಕಾಗುವುದಿಲ್ಲ.

ನನ್ನ ಹೆಂಡತಿ ಇಂದಿರಾ ಓದುವುದು ಅದೇ ಪತ್ರಿಕೆಯ ಭಾನುವಾರದ ಧಾರಾವಾಹಿ. ಒಬ್ಬ ವಿಜ್ಞಾನಿ ಹೆಂಗಸು ಚಂದ್ರನ ಮೇಲೆ ಭತ್ತ ಬೆಳೆಯುತ್ತಾಳೆ. ಈ ವಾರ ಅಲ್ಲಿ ನೀರಿನ ಟ್ಯಾಂಕು ಸಿಡಿದು, ಸದ್ದು ಎರಡು ಮೈಲಿಗೆ ಕೇಳಿಸಿತಂತೆ. ಚಂದ್ರನಲ್ಲಿ ಗಾಳಿಯಿಲ್ಲ, ಸದ್ದು ಹೇಗೆ ಕೇಳಿಸೀತು ಎಂದೆ.

"ಭತ್ತ ಬೆಳೀತಿದೆ ಅನ್ನೋದನ್ನ ಒಪ್ಕೊಂಡ್ರಿ, ಸದ್ದು ಮಾತ್ರ ಒಪ್ಪಲ್ಲ ಅಂತೀರಲ್ರೀ!" ಎಂದಳು.

ವಿಜ್ಞಾನದ ಹೆಸರಿನಲ್ಲಿ ಕಥೆ ಬರೆಯುವವರಿಗೆ ಎಂಟನೇ ತರಗತಿಯ ಪುಸ್ತಕವಾದರೂ ಗೊತ್ತಿರಬೇಕು. ಸಂಪಾದಕರಿಗೆ ಕಾಗದ ಟೈಪ್ ಮಾಡಿದೆ. ಅಚ್ಚಾದರೆ ನನ್ನ ನಲವತ್ತೊಂಬತ್ತನೆಯದು. ಹಿಂದಿನ ನಲವತ್ತೆಂಟರಲ್ಲಿ ಒಂದನ್ನೂ ಇದುವರೆಗೆ ಯಾರೂ ತಪ್ಪೆಂದಿಲ್ಲ. ಶ್ರೀರಂಗಪಟ್ಟಣದಲ್ಲಿ ದೇವಸ್ಥಾನದ ಕೆಲಸದಲ್ಲಿದ್ದ ಅಪ್ಪ, ಪೂಜೆ ಮುಗಿಸಿ ಬಂದು ಪತ್ರಿಕೆ ಬಿಡಿಸುವಾಗ ಹೇಳುತ್ತಿದ್ದರು: "ಸಾಕ್ಷಿ ಇಲ್ಲದ ಮಾತು ಜಗಲಿಗೆ ಸರಿ, ಅಚ್ಚಿಗಲ್ಲ." ಇಪ್ಪತ್ತಾರು ವರ್ಷದಿಂದ ನಾನು ನಡೆಸಿಕೊಂಡು ಬಂದಿರುವುದು ಅದೊಂದೇ ನಿಯಮ.

14 ಜುಲೈ, ಸೋಮವಾರ

ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕೆಳಗಿನ ಮಳಿಗೆಯಲ್ಲಿ ವಿಡಿಯೊ ಗೇಮಿನ ಅಂಗಡಿ ಇವತ್ತು ಬಾಗಿಲು ತೆರೆಯಿತು. ಬೀರುವಿನಷ್ಟು ಎತ್ತರದ ನಾಲ್ಕು ಯಂತ್ರಗಳು. ಬೆಳಗ್ಗೆ ಹತ್ತರಿಂದ ಗುಂಡಿನ ಸದ್ದು, ಕಾರು ಗುದ್ದುವ ಸದ್ದು. ಮೇಲೆ ನನ್ನ ಹನ್ನೊಂದು ಯಂತ್ರಗಳು ಒಂದೇ ಲಯದಲ್ಲಿ ನಡೆಯಬೇಕು. ಇವತ್ತು ಹುಡುಗಿಯರ ಬೆರಳು ಕೆಳಗಿನ ಗುಂಡಿನ ಲಯಕ್ಕೆ ಕುಣಿದವು. ಮೊದಲೇ ಮಂಡ್ಯದ ಕಂಪ್ಯೂಟರ್ ಸೆಂಟರಿನಿಂದಾಗಿ ಅರವತ್ತನಾಲ್ಕು ವಿದ್ಯಾರ್ಥಿಗಳು ಮೂವತ್ತೇಳಕ್ಕೆ ಇಳಿದಿದ್ದಾರೆ.

ಆಟ ಎಂದರೆ ಎದುರಿಗೆ ಒಬ್ಬ ಮನುಷ್ಯನಿರಬೇಕು. ಮೇ ತಿಂಗಳಲ್ಲಿ ಕಂಪ್ಯೂಟರು ಚದುರಂಗದ ವಿಶ್ವ ಚಾಂಪಿಯನ್ನನ್ನು ಸೋಲಿಸಿದಾಗ ನಾನು ಬರೆದಿದ್ದೆ: "ತಾನು ಗೆದ್ದೆನೆಂದು ತಿಳಿಯದವನು ಗೆದ್ದಂತೆ ಹೇಗೆ?" (ನಲವತ್ತೇಳನೆಯ ಪತ್ರ.)

ಅಂಗಡಿ ಇಟ್ಟಿರುವುದು ಚಿನಕುರಳಿ ಕಡೆಯ ಒಬ್ಬ ಹೆಂಗಸು. ಇಂಥ ಕಡೆ ಹೆಂಗಸು ಕೂರುವುದು ಈ ಊರಿಗೆ ಹೊಸದು. ಒಳ್ಳೆಯದಲ್ಲ.

20 ಜುಲೈ, ಭಾನುವಾರ

ಎರಡು ಸುದ್ದಿ ಕತ್ತರಿಸಿದೆ. ಒಂದು, ಮಂಗಳನ ಗಾಡಿ ಏಳು ದಿನ ಕಳೆದರೂ ಓಡುತ್ತಿರುವುದು. ಇನ್ನೊಂದು, ನಾಲೆಗೆ ನೀರು ಬಿಡುವ ಪ್ರಕಟಣೆ. ಪ್ರಕಟಣೆಯ ಬೆನ್ನಿಗಿದ್ದ ಧಾರಾವಾಹಿಯ ಅರ್ಧಕ್ಕೂ ಕತ್ತರಿ ಬಿತ್ತೆಂದು ಇಂದಿರಾ ಸಂಜೆಯವರೆಗೆ ಮುನಿಸಿಕೊಂಡಿದ್ದಳು.

4 ಆಗಸ್ಟ್, ಸೋಮವಾರ

ಬೀದಿಯ ಕೊನೆಯ ಹೈಸ್ಕೂಲಿನ ಹೆಡ್‌ಮಾಸ್ಟರು ದೇವರಾಜು ಹಾಜರಾತಿ ರಿಜಿಸ್ಟರು ಹಿಡಿದುಕೊಂಡೇ ಬಂದರು.

"ನೋಡಿ ಜಯರಾಮಯ್ಯನವ್ರೆ. ಹತ್ತೊಂಬತ್ನೇ ತಾರೀಕಿನವರ್ಗೂ ದಿನಕ್ಕೆ ಆರೋ ಏಳೋ ಗೈರು. ಇಪ್ಪತ್ತೊಂದರಿಂದ ನಲ್ವತ್ತು, ನಲ್ವತ್ತೆರಡು! ಆ ಗೇಮಿನಂಗ್ಡಿ ಬಂದ್ಮೇಲೆ ಇಸ್ಕೂಲು ಖಾಲಿ ಹೊಡೀತಾ ಐತೆ. ನೀವು ಬರುದ್ರೆ ಮಾತ್ರ ತೂಕ ಕಣ್ರೀ."

ಅವರ ಮಾತನ್ನೇ ನಂಬಿ ಬರೆಯುವವನು ನಾನಲ್ಲ. ಹದಿನಾಲ್ಕರಿಂದ ಆಗಸ್ಟ್ ಎರಡರವರೆಗಿನ ಪ್ರತಿ ದಿನದ ಅಂಕಿಯನ್ನು ನನ್ನ ಕೈಯಿಂದಲೇ ನಕಲು ಮಾಡಿಕೊಂಡೆ. ಅಂಗಡಿ ತೆರೆದದ್ದು 14ರಂದು. ಗೈರು ಏರಿದ್ದು 21ರಂದು. ಚಟ ಹತ್ತಲು ಒಂದು ವಾರ ಹಿಡಿದಿದೆ ಎಂದು ತಿಳಿಯಬೇಕು. ಸಂಜೆಯೊಳಗೆ ಪಂಚಾಯಿತಿಗೆ ಮನವಿ, ಮೂರು ಕಾರ್ಬನ್ ಪ್ರತಿ. ಅಂಗಡಿ ಮುಚ್ಚಿಸಬೇಕೆಂಬುದು ಕೋರಿಕೆ. ಪತ್ರಿಕೆಗೂ ಕಾಗದ ಹಾಕಿದೆ.

12 ಆಗಸ್ಟ್, ಮಂಗಳವಾರ

ಐವತ್ತು!

"ಶಾಲೆ ಖಾಲಿ ಮಾಡಿದ ಆಟದ ಅಂಗಡಿ" ಎಂಬ ತಲೆಬರಹ ಕೊಟ್ಟು, ನನ್ನ ಅಂಕಿಗಳಲ್ಲಿ ಒಂದನ್ನೂ ಬಿಡದೆ ಹಾಕಿದ್ದಾರೆ. ಚಂದ್ರನ ಸದ್ದಿನ ಪತ್ರ ಹೋದ ತಿಂಗಳ ಮೂವತ್ತಕ್ಕೇ ಬಂದಿತ್ತು. ಆದ್ದರಿಂದ ಇದು ಸರಿಯಾಗಿ ಐವತ್ತನೆಯದು. ದೇಶಕ್ಕೆ ಸ್ವಾತಂತ್ರ್ಯ ಬಂದ ಐವತ್ತನೇ ವರ್ಷ, ನನ್ನ ಐವತ್ತನೇ ಪತ್ರ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮೂರು ಜನ ಎದ್ದು ನಿಂತು ಮಾತಾಡಿಸಿದರು. ಮನವಿಗೆ ಸಹಿ ಅರವತ್ತಮೂರಾಯಿತು. ಹಲವರು ಓದದೇ ಸಹಿ ಹಾಕಿದರು. "ನೀವು ಬರ್ದಿದ್ದ ಮೇಲೆ ಓದೋದೇನೈತೆ ಸಾಮಿ" ಎಂದರು. ಇಂಥ ನಂಬಿಕೆ ಒಂದು ದಿನದಲ್ಲಿ ಬರುವುದಲ್ಲ.

ಇಂದಿರಾ ಕೇಸರಿಬಾತು ಮಾಡಿದಳು. ತಟ್ಟೆ ಇಡುತ್ತಾ, "ಆ ಅಂಗಡಿ ಒಳಗೆ ಹೇಗಿದೇರೀ?" ಎಂದಳು. ನಾನೇಕೆ ಅಲ್ಲಿಗೆ ಹೋಗಲಿ?

19 ಆಗಸ್ಟ್, ಮಂಗಳವಾರ

ಕೆಳಗಿನ ಅಂಗಡಿಯಾಕೆ ಮೆಟ್ಟಿಲು ಹತ್ತಿ ಬಂದಿದ್ದಳು. ಹೆಸರು ಪ್ರಮೀಳಾ. ಮೂವತ್ತರ ಆಸುಪಾಸು. ಕೈಯಲ್ಲಿ ಪಂಚಾಯಿತಿಯ ನೋಟೀಸು.

"ಸಾ, ಇದು ನಿಮ್ ಮಿಷಿನಲ್ಲೇ ಹೊಡ್ದಿದ್ದಾ?"

"ಅಲ್ಲ, ಪಂಚಾಯಿತಿಯದು. ನಮ್ಮ ಅಕ್ಷರ ಇನ್ನೂ ಸ್ಪಷ್ಟ" ಎಂದೆ.

"ಅಕ್ಸರ ಎಂಗಾರಾ ಇರ್ಲಿ. ನಿಮ್ ಕಾಗ್ದ ನೋಡ್ಕಂಡೇ ಕಳ್ಸವ್ರೆ. ಮುಂದಿನ ತಿಂಗ್ಳು ಹದಿನೈದಕ್ಕೆ ಬಂದು ಉತ್ರ ಕೊಡ್ಬೇಕಂತೆ, ಇಲ್ದಿದ್ರೆ ಬಾಗ್ಲು ಹಾಕುಸ್ತಾರಂತೆ. ಕ್ವಾರೀಲಿ ಕಲ್ಲು ಬಿದ್ದು ನಮ್ಮನೆಯವ್ರ ಕಾಲು ಓಯ್ತು. ಈಗ ಇರೋದು ಇದೊಂದೇ ದಾರಿ ನಮ್ಗೆ." ನೋಟೀಸನ್ನು ಮಡಿಚಿ ಹಿಡಿದಳು. ಅಳುತ್ತಾಳೇನೋ ಎಂದುಕೊಂಡೆ, ಅಳಲಿಲ್ಲ. "ಅದಿರ್ಲಿ ಬುಡಿ ಸಾ. ಒಂದೇ ಮಾತು ಕೇಳ್ತೀನಿ. ಇಷ್ಟೆಲ್ಲಾ ಬರುದ್ರಲ್ಲ, ಒಂದಿನಾನಾದ್ರೂ ಒಳೀಕ್ ಬಂದು ನೋಡಿದ್ರಾ?"

ಹನ್ನೊಂದು ಯಂತ್ರಗಳೂ ನಿಂತವು. ಹುಡುಗಿಯರೆಲ್ಲ ನನ್ನ ಮುಖ ನೋಡುತ್ತಿದ್ದರು.

ಪದ್ಧತಿಯ ದೃಷ್ಟಿಯಿಂದ ಆಕೆಯ ಪ್ರಶ್ನೆ ಸರಿಯಾದುದೇ. ನಾಳೆಯಿಂದ ಖುದ್ದು ಪರಿಶೀಲಿಸಿ ದಾಖಲೆ ಮಾಡುತ್ತೇನೆ. ಅದರಿಂದ ನನ್ನ ಪತ್ರಕ್ಕೇ ಬಲ ಬರುತ್ತದೆ.

20 ಆಗಸ್ಟ್, ಬುಧವಾರ

ಪರಿಶೀಲನೆ: ಬೆಳಗ್ಗೆ 10.30ರಿಂದ 12.30. ಹಾಜರಿದ್ದವರು: ಬಸ್ ಕಂಡಕ್ಟರು ಇಬ್ಬರು, ಬ್ಯಾಂಕಿನ ಜವಾನ ಒಬ್ಬ, ಖಾಲಿ ಹಾಲಿನ ಕ್ಯಾನು ಹಿಡಿದ ಒಬ್ಬರು. ವಿದ್ಯಾರ್ಥಿಗಳು: 0. ಗೋಡೆಯ ಮೇಲೆ ಬೋರ್ಡು: "ಯೂನಿಫಾರಂನವರಿಗೆ 4.30ರ ಮುಂಚೆ ಆಟ ಇಲ್ಲ. ಏಳಕ್ಕೆ ಬಾಗಿಲು." ಬೋರ್ಡು ನೋಟೀಸಿಗಿಂತ ಹಳೆಯದು, ಬಣ್ಣದ ಮೇಲೆ ಕೂತ ಧೂಳು ನೋಡಿ ಖಚಿತಪಡಿಸಿಕೊಂಡೆ.

ಒಂದು ದಿನದ ಅಂಕಿಯಿಂದ ಏನನ್ನೂ ಹೇಳಲಾಗದು.

ಯಂತ್ರದ ಸ್ವರೂಪ ತಿಳಿಯಲೆಂದು ಒಂದು ಆಟ ಆಡಿದೆ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ಸಂದಿಲ್ಲದಂತೆ ಜೋಡಿಸಬೇಕು. 52 ಸೆಕೆಂಡಿನಲ್ಲಿ ಮುಗಿಯಿತು. ಅಂಕ 1,140. "ಮೊದ್ಲನೇ ಸಲಕ್ಕೆ ಅಡ್ಡಿಯಿಲ್ಲ ಬುಡಿ ಸಾ" ಎಂದಳು ಅಂಗಡಿಯಾಕೆ. ಹಾಲಿನ ಕ್ಯಾನಿನವರು ನಕ್ಕರು.

22 ಆಗಸ್ಟ್, ಶುಕ್ರವಾರ

ವಿದ್ಯಾರ್ಥಿಗಳು: 0. ಅಂಕ: 3,300.

25 ಆಗಸ್ಟ್, ಸೋಮವಾರ

ಅಂಕ: 9,870. ವಿದ್ಯಾರ್ಥಿಗಳು: 0.

ಇದರ ಗುಟ್ಟು ಟೈಪಿಂಗಿನದೇ. ಬೆರಳನ್ನು ನೋಡಬಾರದು, ಮುಂದೆ ಬರುವ ಅಕ್ಷರವನ್ನು ನೋಡಬೇಕು. ಹಾಲಿನ ಕ್ಯಾನಿನವರಿಗೆ ಇದನ್ನು ವಿವರಿಸಿದೆ. ಅವರು 4,000 ದಾಟಿದರು.

ಪ್ರಮೀಳಾಗೆ ಮಂಗಳನ ಗಾಡಿಯ ಚಿತ್ರ ತೋರಿಸಿದೆ. "ಅವ್ರೂ ಇಂಗೇ ಪರ್ದೆ ನೋಡ್ಕಂಡೇ ಓಡುಸ್ತಾರಾ ಸಾ?" ಎಂದಳು. ಹೌದು, ಆದರೆ ಇಲ್ಲಿಂದ ಕಳಿಸಿದ ಆಜ್ಞೆ ಅಲ್ಲಿಗೆ ಮುಟ್ಟಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು ಎಂದೆ. ಆಕೆ ಸ್ವಲ್ಪ ಯೋಚಿಸಿ, "ಅಂಗಾದ್ರೆ ಅದು ಕಣ್ಣಲ್ಲಿ ಆಡೋ ಆಟ ಅಲ್ಲ, ಲೆಕ್ಕದಲ್ಲಿ ಆಡೋ ಆಟ" ಎಂದಳು. ಈ ವಿಷಯದ ಬಗ್ಗೆ ಎರಡು ತಿಂಗಳಿಂದ ಪತ್ರಿಕೆ ಓದುತ್ತಿದ್ದೇನೆ. ಇಷ್ಟು ಚೆನ್ನಾಗಿ ಯಾರೂ ಬರೆದಿಲ್ಲ. ವಿಚಾರಿಸಿದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 71 ಅಂಕವಂತೆ.

1 ಸೆಪ್ಟೆಂಬರ್, ಸೋಮವಾರ

21,400! ಇದುವರೆಗೆ ಆ ಯಂತ್ರದಲ್ಲಿ ಅತಿ ಹೆಚ್ಚು. ಹೆಸರಿನ ಮೂರು ಅಕ್ಷರ ಒತ್ತಲು ಯಂತ್ರವೇ ಕೇಳುತ್ತದೆ. ಜೆ, ಆರ್, ಎಂ ಒತ್ತಿದೆ. ಎಲ್ಲರಿಗಿಂತ ಮೇಲೆ ಮಿನುಗುತ್ತಿತ್ತು. ಐದು ಗಂಟೆಗೆ ಕರೆಂಟು ಹೋಯಿತು, ಬಂದಾಗ ಹೆಸರಿಲ್ಲ. "ಅದ್ಕೆ ಗ್ಯಾನ ಇಲ್ಲ ಸಾ, ಕರೆಂಟ್ ಓದ್ರೆ ಎಲ್ಲಾ ಮರ್ತೋಯ್ತದೆ" ಎಂದಳು ಪ್ರಮೀಳಾ. ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಟೈಪಿಂಗಿಗೆ ಬರುವ ಶ್ವೇತ, ಹುಡುಗಿಯರೂ ಕೆಳಗೆ ಹೋಗಿ ಆಡಬಹುದೇ ಎಂದು ಕೇಳಿದಳು. ಯಾಕಾಗಬಾರದು? ಅಂಗಡಿಯಲ್ಲಿ ಕೂತಿರುವುದು ಹೆಂಗಸೇ ತಾನೆ. ಬೆರಳಿಗೂ ಒಳ್ಳೆಯ ಅಭ್ಯಾಸ.

ವಿದ್ಯಾರ್ಥಿಗಳನ್ನು ಎಣಿಸಲು ಮರೆತೆ.

7 ಸೆಪ್ಟೆಂಬರ್, ಭಾನುವಾರ

ಧಾರಾವಾಹಿ ಇವತ್ತಿಗೆ ಮುಗಿಯಿತು. ಇಂದಿರಾ ಎಲ್ಲ ಕಂತುಗಳನ್ನೂ ಹೊಲಿದು ಪುಸ್ತಕ ಮಾಡಲು ಕೂತಳು. ಜುಲೈ ಇಪ್ಪತ್ತರದು ಮಾತ್ರ ಅರ್ಧ.

"ಚಂದ್ರನ ಗದ್ದೆಗೆ ನೀರು ಬಂತೋ ಇಲ್ಲವೋ, ಆ ಅರ್ಧದಲ್ಲೇ ಇರೋದು. ನಿಮ್ಮ ಪುಸ್ತಕ ಕೊಡಿ ಇಲ್ಲಿ."

ಒದ್ದೆ ಬಟ್ಟೆಯಿಂದ ನಾಲ್ಕು ಮೂಲೆಗಳನ್ನೂ ನೆನೆಸಿ ತುಣುಕನ್ನು ಎಬ್ಬಿಸಿದಳು. ಬೆನ್ನ ಕಡೆಯನ್ನು ಅವಳು ಓದುತ್ತಿದ್ದಳು. ತುಣುಕಿನ ಮುಂಭಾಗ ನನ್ನ ಕಡೆಗಿತ್ತು. ನಾನೇ ಕತ್ತರಿಸಿದ್ದ ಪ್ರಕಟಣೆ: ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯ ಮೇಲೆ, ನಾಲೆಗೆ ನೀರು, ಜುಲೈ 21ರಿಂದ ಹದಿಮೂರು ದಿನ, ರೈತರು ಅಷ್ಟರಲ್ಲಿ ನಾಟಿ ಮುಗಿಸಿಕೊಳ್ಳತಕ್ಕದ್ದು.

21ರಿಂದ ಹದಿಮೂರು ದಿನ ಎಂದರೆ ಆಗಸ್ಟ್ ಎರಡು. ನಾನು ನಕಲು ಮಾಡಿಕೊಂಡ ಗೈರಿನ ದಿನಗಳೂ ಅವೇ.

"ಬಂತು ಕಣ್ರೀ ನೀರು!" ಎಂದಳು ಇಂದಿರಾ. "ಯಾಕೆ ಹಾಗೆ ಕೂತ್ರಿ?"

ದೇವರಾಜು ಮೇಷ್ಟರ ಮನೆಗೆ ಹೋಗಿ ಗೈರಾದವರ ಊರುಗಳನ್ನು ಬರೆದುಕೊಂಡು ಬಂದೆ. ನಲವತ್ತೊಂದು ಮಕ್ಕಳಲ್ಲಿ ಮೂವತ್ತೆಂಟು ಮಂದಿ ನಾಲೆಯ ಬಯಲಿನವರು. ಮಳೆ ನಂಬಿದ ಹೊಲದ ಊರುಗಳ ಮಕ್ಕಳು ಎಂದಿನಂತೆ ಬಂದಿದ್ದಾರೆ.

8 ಸೆಪ್ಟೆಂಬರ್, ಸೋಮವಾರ

ಚಿನಕುರಳಿಯ ಬಸ್ಸು ಹತ್ತಿದೆ. ಗದ್ದೆಯಲ್ಲಿ ಪೈರು ಮೊಣಕಾಲುದ್ದ ಎದ್ದಿದೆ. ನಾಲೆಯ ಏರಿಯ ಮೇಲೆ ಎಮ್ಮೆ ಹಿಡಿದುಕೊಂಡಿದ್ದ ಬೆಟ್ಟಮ್ಮ ಎಂಬ ಮುದುಕಿಯನ್ನು ಕೇಳಿದೆ: ನಾಟಿಯ ದಿನ ಮೊಮ್ಮಕ್ಕಳು ಶಾಲೆಗೆ ಹೋಗಿದ್ದರೇ?

"ಎಂತಾ ಮಾತಾಡೀರಿ ಅಯ್ನೋರೆ! ನೀರೇನು ನಮ್ಮ ಕೇಳ್ಕಂಡು ಬತ್ತದಾ? ಬಂದಾಗ ಪೈರು ಹಾಕ್ಬುಡ್ಬೇಕು. ಆಳು ಎಲ್ಲವ್ರೆ? ಮನೇಲಿರೋ ಕೈಯೆಲ್ಲಾ ಗದ್ದೇಲೇ. ಇಸ್ಕೂಲು ಎಲ್ಗೂ ಓಡೋಗಕಿಲ್ಲ, ನೀರು ಓಡೋಯ್ತದೆ."

ಗೇಮಿನ ಅಂಗಡಿ ಗೊತ್ತೇ ಎಂದೆ. "ನಮ್ಮೂರ ಪ್ರಮೀಳಂದಾ? ಯಾವನೋ ಪಾಪಿ ಪೇಪರ್‌ಗೆ ಬರ್ದು ಮುಚ್ಚುಸ್ತಾವ್ನಂತೆ. ಅವ್ನ್ ಕೈ ಸೇದೋಗ."

ನನ್ನ ಹೆಸರು ಹೇಳಲಿಲ್ಲ. ಇದನ್ನೂ ದಾಖಲಿಸುತ್ತಿದ್ದೇನೆ.

ಶಾಲೆ ತಪ್ಪಿಸಿ ಮಕ್ಕಳನ್ನು ಗದ್ದೆಗಿಳಿಸುವುದು ಸರಿಯೇ ಎಂಬುದು ಬೇರೆ ಪತ್ರದ ವಿಷಯ. ಇದು ಆ ಪತ್ರವಲ್ಲ.

10 ಸೆಪ್ಟೆಂಬರ್, ಬುಧವಾರ

ಆಡಲಿಲ್ಲ. ಬರೆಯಲೂ ಆಗಲಿಲ್ಲ.

11 ಸೆಪ್ಟೆಂಬರ್, ಗುರುವಾರ

ದೇವರಾಜು ಬಂದಿದ್ದರು. "ಸುಮ್ನಿದ್ಬುಡಿ. ನಿಮ್ಗೂ ಮರ್ಯಾದೆ, ನಮ್ಗೂ ಮರ್ಯಾದೆ. ಅಂಗಡಿ ಹೋದ್ರೆ ಊರಿಗೇನು ನಷ್ಟ?" ಎಂದರು. ಅವರ ಮಾತಿನಲ್ಲಿ ಯಾವ ಅಂಕಿಯೂ ಇರಲಿಲ್ಲ.

ಸಂಜೆ ಇಂದಿರಾ ಗಂಜಿ ಬಟ್ಟಲು, ಬಿಡಿಸಿದ ಆ ತುಣುಕು ಎರಡನ್ನೂ ನನ್ನ ಮೇಜಿನ ಮೇಲಿಟ್ಟು ಹೋದಳು.

15 ಸೆಪ್ಟೆಂಬರ್, ಸೋಮವಾರ

ಪಂಚಾಯಿತಿ ಸಭೆ. ಹನ್ನೊಂದೂಕಾಲಕ್ಕೆ ನಮ್ಮ ವಿಷಯ ಬಂತು. ಗಂಡ ಚಲುವರಾಜುವನ್ನು ಬಾಗಿಲ ಬಳಿ ಬೆಂಚಿನ ಮೇಲೆ ಕೂರಿಸಿ ಪ್ರಮೀಳಾ ಒಬ್ಬಳೇ ಮುಂದೆ ಬಂದಳು. ಅಧ್ಯಕ್ಷರು ಮನವಿಯನ್ನು ಓದಿಸಲು ಹೊರಟರು. ನಾನು ಎದ್ದು, ಬರೆದವನು ನಾನು, ಅದನ್ನು ವಾಪಸು ಪಡೆಯಲು ಬಂದಿದ್ದೇನೆ ಎಂದೆ.

ಗದ್ದಲವಾಯಿತು. ದೇವರಾಜು ಎದ್ದರು. "ಅಂದ್ರೆ ನನ್ನ ರಿಜಿಸ್ಟ್ರು ಸುಳ್ಳೇನ್ರೀ?"

"ರಿಜಿಸ್ಟರು ಸತ್ಯ. ಅದಕ್ಕೆ ನಾನು ಕೊಟ್ಟ ಕಾರಣ ಸುಳ್ಳು."

ಟೈಪ್ ಮಾಡಿ ತಂದಿದ್ದ ಹಾಳೆ ಓದಿದೆ. ನೀರಿನ ಪ್ರಕಟಣೆ, ದಿನಾಂಕಗಳು, ಊರುಗಳು, ಅಂಗಡಿಯಲ್ಲಿ ಶಾಲಾ ಅವಧಿಯಲ್ಲಿ ನಾನು ಕೂತ ಹನ್ನೊಂದು ದಿನ, ಎಣಿಕೆ ಮಾಡಿದ ಹತ್ತು ದಿನಗಳಲ್ಲಿ ಕಂಡ ವಿದ್ಯಾರ್ಥಿಗಳ ಸಂಖ್ಯೆ ಸೊನ್ನೆ.

"ಇನ್ನೊಂದ್ ದಿನ ಏನಾಯ್ತು ಸಾಮಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಆಟದಲ್ಲಿ ಮರೆತೆ" ಎಂದೆ. ನಿಜ ಅದೇ. ಸಭೆಯೆಲ್ಲ ನಕ್ಕಿತು. ಚಲುವರಾಜು ಬೆಂಚು ತಟ್ಟಿಕೊಂಡು ನಕ್ಕ.

ಅಧ್ಯಕ್ಷರಿಗೆ ಒಂದು ಅನುಮಾನ ಉಳಿದಿತ್ತು. "ಅಲ್ಲ ಸಾಮಿ, ಪೇಪರ್‌ನಲ್ಲೇ ಬಂದುಬುಟ್ಟೈತೆ. ಪೇಪರ್‌ನಲ್ಲಿ ಬಂದಿದ್ದೂ ಸುಳ್ಳಾಯ್ತದಾ?"

ನನ್ನ ಇಪ್ಪತ್ತಾರು ವರ್ಷಗಳನ್ನು ಯಾರೋ ಮೇಜಿನ ಮೇಲಿಟ್ಟಂತೆ ಅನಿಸಿತು. "ನಾನು ಬರೆದೆ, ಅವರು ನಂಬಿ ಹಾಕಿದರು. ಈ ಅರವತ್ತಮೂರು ಜನರೂ ನಂಬಿ ಸಹಿ ಹಾಕಿದರು. ಒಳಗೆ ಹೋಗಿ ನೋಡದೆ ಬರೆದವನು ನಾನೊಬ್ಬನೇ" ಎಂದೆ.

ತೀರ್ಮಾನ: ಅಂಗಡಿ ಇರಬಹುದು. ಷರತ್ತು: ಶಾಲಾ ಮಕ್ಕಳಿಗೆ 4.30ರ ಮುಂಚೆ ಪ್ರವೇಶವಿಲ್ಲ, ಏಳಕ್ಕೆ ಬಾಗಿಲು. "ಇದು ನಮ್ ಬೋರ್ಡಲ್ಲೇ ಐತಲ್ಲ ಸಾ" ಎಂದಳು ಪ್ರಮೀಳಾ. ಅಧ್ಯಕ್ಷರು ಅದನ್ನೂ ನಡಾವಳಿಯಲ್ಲಿ ಬರೆಸಿದರು.

ಹೊರಗೆ ಬಂದಾಗ ಆಕೆ ಕೈ ಮುಗಿಯುತ್ತಾಳೆಂದುಕೊಂಡಿದ್ದೆ. "ಒಂದ್ ವಾರ ಆಯ್ತು ಆಡಿ. ಕೈ ಜಡ ಹಿಡ್ದಿರ್ತದೆ, ಬನ್ನಿ" ಎಂದಳು. ನನಗೆ ಅದೇ ಸರಿ ಎನಿಸಿತು.

28 ಸೆಪ್ಟೆಂಬರ್, ಭಾನುವಾರ

ತಿದ್ದುಪಡಿಯ ಪತ್ರ ಅಚ್ಚಾಗಿದೆ. ಪುಟದ ಬುಡದಲ್ಲಿ, ಎಂಟು ಸಾಲು. ಅಂಕಿಗಳನ್ನು ಬಿಟ್ಟಿದ್ದಾರೆ, "ನನ್ನ ತಪ್ಪು" ಎಂಬುದನ್ನು ಬಿಟ್ಟಿಲ್ಲ. ಹೋಟೆಲಿನಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಹಾಲಿನ ಕ್ಯಾನಿನವರು ಮಾತ್ರ ತಮ್ಮ ಪಕ್ಕ ಜಾಗ ಮಾಡಿಕೊಟ್ಟು, "ಓದಿವ್ನಿ ಸಾ, ಗಟ್ಟಿಯಾಗಿ ಬರ್ದಿದ್ದೀರಿ" ಎಂದರು.

ಐವತ್ತೊಂದು ಎಂದು ಸಂಖ್ಯೆ ಹಾಕಿ ಅಂಟಿಸಿದೆ. ಐವತ್ತನೆಯದನ್ನು ಹರಿಯಲಿಲ್ಲ, ಅದರ ಮೇಲೆ ಕೆಂಪು ಶಾಯಿಯಲ್ಲಿ "ತಪ್ಪು. ಮುಂದಿನದನ್ನು ನೋಡಿ" ಎಂದು ಬರೆದೆ. ಎರಡನ್ನೂ ಎದುರುಬದುರು ಪುಟಗಳಲ್ಲಿ ಇಟ್ಟಿದ್ದೇನೆ. ಇದುವರೆಗಿನ ನನ್ನ ಪತ್ರಗಳಲ್ಲಿ ಪೂರ್ತಿ ಪರಿಶೀಲಿಸಿ ಬರೆದದ್ದು ಈ ಎಂಟು ಸಾಲೇ ಎಂದು ಕಾಣುತ್ತದೆ.

12 ಅಕ್ಟೋಬರ್, ಭಾನುವಾರ

ಮಂಗಳನ ಗಾಡಿಯಿಂದ ಎರಡು ವಾರದಿಂದ ಸರಿಯಾದ ಸುದ್ದಿಯಿಲ್ಲ. ಏಳು ದಿನಕ್ಕೆಂದು ಮಾಡಿದ್ದು ಎಂಬತ್ತಕ್ಕೂ ಹೆಚ್ಚು ದಿನ ನಡೆಯಿತು. ಅದನ್ನು ಕಟ್ಟಿದವರು ತಲೆಯೆತ್ತಿ ಓಡಾಡಬಹುದು.

ಮಂಡ್ಯದ ಸೆಂಟರಿನವರಿಗೆ ಒಂದು ಕಂಪ್ಯೂಟರಿನ ಬೆಲೆ, ಅಳತೆ ಕೇಳಿ ಕಾಗದ ಬರೆದೆ. ಮಾಹಿತಿಗಾಗಿ ಅಷ್ಟೆ.

ಸಂಜೆ ಇಂದಿರಾಳೂ ಕೆಳಗೆ ಬಂದಳು. ಕಾರಿನ ಆಟದಲ್ಲಿ ಮೂರು ಸಲ ಗೋಡೆಗೆ ಗುದ್ದಿ, "ಸದ್ದು ಚೆನ್ನಾಗಿ ಕೇಳ್ಸತ್ತೆ ಬಿಡಿ" ಎಂದು ನನ್ನ ಕಡೆ ನೋಡಿದಳು. ನಾನು ಇಟ್ಟಿಗೆಯ ಆಟದಲ್ಲಿದ್ದೆ. ಮೂವತ್ತು ಸಾವಿರ ದಾಟಿತು, ನಲವತ್ತು ದಾಟಿತು. ಶ್ವೇತ ಉಸಿರು ಹಿಡಿದು ನಿಂತಿದ್ದಳು. 48,260ಕ್ಕೆ ಮುಗಿಯಿತು. ಮೂರು ಅಕ್ಷರದಲ್ಲಿ ಎರಡನ್ನು ಒತ್ತಿದ್ದೆ, ಕರೆಂಟು ಹೋಯಿತು.

ಪ್ರಮೀಳಮ್ಮ ಕೌಂಟರಿನಿಂದ ಎದ್ದು ಬಂದು, ಕಪ್ಪಾದ ಪರದೆಯನ್ನು ಒಂದು ಸಲ ನೋಡಿ, "ಅದು ಮರೀಲಿ ಬುಡಿ ಸಾ. ಯಾರಾರಾ ಕೇಳುದ್ರೆ ಕಳ್ಸಿ ನಂತಾವ. ನಾ ನೋಡಿವ್ನಿ, ನಾ ಯೋಳ್ತೀನಿ" ಎಂದರು.

ಇಂದಿರಾಳೂ ನೋಡಿದ್ದಾಳೆ. ಹೆಂಡತಿಯ ಸಾಕ್ಷಿಯನ್ನು ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ. ಶ್ವೇತ ನನ್ನ ವಿದ್ಯಾರ್ಥಿನಿ, ಅದೂ ಬೇಡ.

ಅಂಕ: 48,260. ಕರೆಂಟು ಹೋದದ್ದು: 5.40.

ಸಾಕ್ಷಿ: ಪ್ರಮೀಳಮ್ಮ, ಚಿನಕುರಳಿ. ಒಳಗಿದ್ದು, ಕಣ್ಣಾರೆ ಕಂಡವರು.